ಹಳೆಯ ಡೀಸೆಲ್ ಪಿಕಪ್ ಗಾಡಿಯ ಖರೀದಿಯೂ ಆರೈಕೆಯೂ

ಬಿಂಡಿಗನವಿಲೆ ಹೋಬಳಿಯ ಭೂಮಾಲೀಕರೂ ಗ್ರಾಮ ಮುಖಂಡರೂ ಗಮನಿಸತಕ್ಕ ಅಂಶಗಳು

ಎತ್ತುಗಳನ್ನು ಕೊಳ್ಳುವ ವಿದ್ಯೆಯನ್ನು ನಾಗಮಂಗಲ ಸೀಮೆಯ ರೈತರಿಗೆ ಯಾರೂ ಕಲಿಸಬೇಕಾದುದಿಲ್ಲ. ಹಳ್ಳಿಕಾರ್ ತಳಿಯ ರಾಸುಗಳನ್ನು ತಲತಲಾಂತರದಿಂದ ಸಾಕಿಕೊಂಡು ಬಂದಿರುವ ಈ ಪ್ರಾಂತದವರು ಕೃಷ್ಣರಾಜಪೇಟೆ ತಾಲ್ಲೂಕಿನ ಹೇಮಗಿರಿಯ ದನಗಳ ಜಾತ್ರೆಗೆ ಹೋದಾಗ, ಜೋಡಿಯ ಮೈಬಣ್ಣವನ್ನೂ ಕೊಂಬಿನ ಅಂದವನ್ನೂ ಕಂಡ ಮಾತ್ರಕ್ಕೆ ಹಣವನ್ನು ಎಣಿಸಿ ಕೊಡುವುದಿಲ್ಲ. ಬಾಯಿ ಬಿಡಿಸಿ ಹಲ್ಲನ್ನು ನೋಡುತ್ತಾರೆ. ಎರಡು ಹಲ್ಲಿನದೋ, ನಾಲ್ಕು ಹಲ್ಲಿನದೋ, ಬಾಯಿಗೂಡಿದುದೋ ಎಂಬುದನ್ನು ನಿಶ್ಚಯಿಸುತ್ತಾರೆ. ಗೊರಸನ್ನು ಎತ್ತಿ ನೋಡುತ್ತಾರೆ. ಹೆಗಲನ್ನು ತಡವಿ ನೊಗದ ಹುಣ್ಣು ಉಂಟೇ ಎಂದು ಪರೀಕ್ಷಿಸುತ್ತಾರೆ. ನಾಲ್ಕು ಹೆಜ್ಜೆ ನಡೆಸುತ್ತಾರೆ. ಸಾಧ್ಯವಾದರೆ ಗಾಡಿಗೆ ಹೂಡಿಯೂ ನೋಡುತ್ತಾರೆ. ಮಾರುವವನು ಯಾರು, ಯಾವ ಊರಿನವನು, ಏತಕ್ಕಾಗಿ ಮಾರುತ್ತಿದ್ದಾನೆ ಎಂಬುದನ್ನೂ ವಿಚಾರಿಸದೆ ಬಿಡುವುದಿಲ್ಲ.

ಇಷ್ಟು ಜಾಗರೂಕರಾದವರೇ ಹಳೆಯ ಪಿಕಪ್ ಗಾಡಿಯನ್ನು ಕೊಳ್ಳುವ ಸಂದರ್ಭದಲ್ಲಿ ಹೊಸ ಬಣ್ಣಕ್ಕೂ ದಲ್ಲಾಳಿಯ ಮಾತಿಗೂ ಮರುಳಾಗುವುದುಂಟು. ಇದಕ್ಕೆ ಕಾರಣವು ಸ್ಪಷ್ಟವಾಗಿದೆ. ಎತ್ತಿನ ರೋಗವು ಕಣ್ಣಿಗೆ ಕಾಣುತ್ತದೆ. ಯಂತ್ರದ ರೋಗವು ಕಬ್ಬಿಣದ ಒಳಗೆ ಅಡಗಿರುತ್ತದೆ. ಎತ್ತಿನ ಜೋಡಿ ಕೈಕೊಟ್ಟರೆ ಒಂದು ವರ್ಷದ ಬೇಸಾಯ ಕುಂಟುತ್ತದೆ. ಆದರೆ ಪಿಕಪ್ ಗಾಡಿಗಾಗಿ ಒಡವೆಯನ್ನು ಅಡವಿಟ್ಟ ಅಥವಾ ಜಮೀನಿನ ಮೇಲೆ ಸಾಲ ತೆಗೆದ ಕುಟುಂಬಕ್ಕೆ, ಗಾಡಿಯು ಮೂರನೆಯ ತಿಂಗಳಿಗೇ ನಿಂತುಹೋದರೆ, ಸಾಲದ ಕಂತು ಮಾತ್ರ ನಿಲ್ಲುವುದಿಲ್ಲ. ಅಗ್ಗವೆಂದು ಮುಗ್ಗಿದ ಜೋಳ ಕೊಂಡ ಹಾಗೆ ಎಂಬ ಮಾತು ಇಲ್ಲಿ ಅಕ್ಷರಶಃ ಸಲ್ಲುತ್ತದೆ. ಹಳೆಯ ಗಾಡಿಯ ನಿಜವಾದ ಬೆಲೆಯು ಮಾರುವವನ ಕೈಗೆ ಕೊಟ್ಟ ಹಣವಲ್ಲ. ಆ ಹಣದ ಜೊತೆಗೆ ಮೊದಲ ವರ್ಷದ ದುರಸ್ತಿಯೂ ಕಾಗದಪತ್ರಗಳ ವೆಚ್ಚವೂ ಸೇರಿದ ಮೊತ್ತವೇ ಅದರ ಬೆಲೆ. ಈ ಒಂದು ತತ್ತ್ವವನ್ನು ಮನಸ್ಸಿನಲ್ಲಿಟ್ಟುಕೊಂಡು ವ್ಯವಹರಿಸುವವರು ಮೋಸಹೋಗುವುದು ವಿರಳ.

ಗಾಡಿಯ ಅವಶ್ಯಕತೆಯು ನಿಜವಾಗಿಯೂ ಉಂಟೆ?

ಬಿಂಡಿಗನವಿಲೆಯ ಸುತ್ತಣ ಭೂಮಿಯು ಬಹುಮಟ್ಟಿಗೆ ಮಳೆಯನ್ನು ನಂಬಿದುದು. ರಾಗಿ, ಹುರುಳಿ, ತೆಂಗು ಮತ್ತು ಹೈನು ಇಲ್ಲಿನ ಜೀವನಾಧಾರ. ಕೊಬ್ಬರಿಯು ತಿಪಟೂರಿಗೂ, ಎಳನೀರು ಮದ್ದೂರಿಗೂ, ತರಕಾರಿಯು ಮೈಸೂರು, ಬೆಂಗಳೂರುಗಳ ಪೇಟೆಗೂ ಹೋಗಬೇಕು. ತಾಲ್ಲೂಕಿನ ಕದಬಹಳ್ಳಿ ಮತ್ತು ಬೆಳ್ಳೂರು ಕ್ರಾಸ್‌ಗಳ ಮೂಲಕ ಬೆಂಗಳೂರು–ಮಂಗಳೂರು ಹೆದ್ದಾರಿಯು ಹಾದುಹೋಗಿರುವುದರಿಂದ ಪೇಟೆಯು ಹತ್ತಿರವಾಗಿದೆ. 2005ರಲ್ಲಿ ಟಾಟಾ ಏಸ್, 2011ರಲ್ಲಿ ಅಶೋಕ್ ಲೇಲ್ಯಾಂಡ್ ದೋಸ್ತ್ ಮುಂತಾದ ಸಣ್ಣ ಸರಕು ಗಾಡಿಗಳು ಬಂದ ಮೇಲೆ ಮತ್ತು ಮಹೀಂದ್ರ ಬೊಲೆರೊ ಪಿಕಪ್ಪು ಹಳ್ಳಿಗಳಲ್ಲಿ ಹರಡಿದ ಮೇಲೆ, ಸ್ವಂತ ಗಾಡಿಯುಳ್ಳವನು ದಲ್ಲಾಳಿಯ ಹಂಗಿಲ್ಲದೆ ತನ್ನ ಮಾಲನ್ನು ತಾನೇ ಪೇಟೆಗೆ ಮುಟ್ಟಿಸಬಹುದೆಂಬ ಆಸೆಯು ಸಹಜವಾಗಿಯೇ ಬೆಳೆದಿದೆ. ಆಸೆಯು ತಪ್ಪಲ್ಲ, ಆದರೆ ಲೆಕ್ಕವು ಮುಂದೆ, ಆಸೆಯು ಹಿಂದೆ ಇರಬೇಕು.

ಉದಾಹರಣೆಗಾಗಿ ಒಂದು ಲೆಕ್ಕವನ್ನು ಇಲ್ಲಿ ಕೊಟ್ಟಿದೆ. ಇದು ಮಾದರಿಯೇ ಹೊರತು ಪೇಟೆಯ ಧಾರಣೆಯಲ್ಲ. ಪ್ರತಿಯೊಬ್ಬರೂ ತಮ್ಮ ಅಂಕಿಗಳನ್ನು ಇದರಲ್ಲಿ ತುಂಬಿಕೊಳ್ಳತಕ್ಕದ್ದು. ಗಾಡಿಯನ್ನು 4,00,000 ರೂಪಾಯಿಗೆ ಕೊಂಡು, ಅಷ್ಟನ್ನೂ ನೂರಕ್ಕೆ 12ರಂತೆ ಸಾಲವಾಗಿ ತಂದರೆ ವರ್ಷದ ಬಡ್ಡಿ 48,000 ರೂಪಾಯಿ. ವಿಮೆ, ತೆರಿಗೆ, ಅರ್ಹತಾ ಪತ್ರಗಳಿಗೆ 40,000. ಗಾಡಿಯ ಬೆಲೆಯು ವರ್ಷಕ್ಕೆ ಇಳಿಯುವುದಕ್ಕೆ 50,000. ಈ 1,38,000 ರೂಪಾಯಿಗಳು ಗಾಡಿಯು ಓಡಿದರೂ ಓಡದಿದ್ದರೂ ತಪ್ಪುವಂತಿಲ್ಲ. ಓಡಿದ್ದಕ್ಕೆ ತಕ್ಕಂತೆ ಬೀಳುವ ಖರ್ಚು ಬೇರೆ. ವರ್ಷಕ್ಕೆ 12,000 ಕಿಲೋಮೀಟರು ಓಡಿ, ಲೀಟರಿಗೆ 12 ಕಿಲೋಮೀಟರು ಕೊಟ್ಟು, ಡೀಸೆಲ್ಲಿನ ಬೆಲೆ ಲೀಟರಿಗೆ 90 ರೂಪಾಯಿ ಆದರೆ ಇಂಧನಕ್ಕೆ 90,000. ಟೈರು, ಎಣ್ಣೆ, ದುರಸ್ತಿಗಳಿಗೆ 60,000. ಒಟ್ಟು 2,88,000 ರೂಪಾಯಿ. ಅಂದರೆ ಕಿಲೋಮೀಟರಿಗೆ 24 ರೂಪಾಯಿ. ಇದರಲ್ಲಿ ಚಾಲಕನ ಕೂಲಿ ಸೇರಿಲ್ಲ.

ಅದೇ ಗಾಡಿಯನ್ನು ವರ್ಷಕ್ಕೆ 4,000 ಕಿಲೋಮೀಟರು ಮಾತ್ರ ಓಡಿಸಿದರೆ, ಓಟದ ಖರ್ಚು 50,000ಕ್ಕೆ ಇಳಿಯುವುದು ನಿಜ. ಆದರೆ ತಪ್ಪದ ಖರ್ಚು 1,38,000 ಹಾಗೆಯೇ ನಿಲ್ಲುವುದರಿಂದ ಒಟ್ಟು 1,88,000 ಆಗಿ, ಕಿಲೋಮೀಟರಿಗೆ 47 ರೂಪಾಯಿ ಬೀಳುತ್ತದೆ. ವರ್ಷದಲ್ಲಿ ಸುಗ್ಗಿಯ ಎರಡು ತಿಂಗಳು ಮಾತ್ರ ಕೆಲಸವುಳ್ಳ ಹಿಡುವಳಿದಾರನು ನೆರೆಯವನ ಗಾಡಿಯನ್ನು ಬಾಡಿಗೆಗೆ ಕರೆಯುವುದೇ ಲಾಭದಾಯಕವೆಂಬುದು ಇದರಿಂದ ತಿಳಿಯುತ್ತದೆ. ವರ್ಷವಿಡೀ ಕೆಲಸವುಳ್ಳವನು ಮಾತ್ರ ಕೊಳ್ಳುವ ಯೋಚನೆಯನ್ನು ಮಾಡಬೇಕು. ಕೊಳ್ಳುವಾಗಲೂ ಕೈಯಲ್ಲಿರುವ ಹಣವನ್ನೆಲ್ಲ ಸುರಿಯದೆ, ಹತ್ತರಲ್ಲಿ ಒಂದು ಪಾಲನ್ನಾದರೂ ಮೊದಲ ದುರಸ್ತಿಗೆಂದು ತೆಗೆದಿಡಬೇಕು.

ಡೀಸೆಲ್ ಎಂಜಿನ್ನಿನ ಸ್ವಭಾವ

ಜರ್ಮನಿಯ ಎಂಜಿನಿಯರ್ ರುಡಾಲ್ಫ್ ಡೀಸೆಲ್ ಎಂಬಾತನು 1892ರಲ್ಲಿ ಹಕ್ಕುಪತ್ರವನ್ನು ಕೋರಿ, 1897ರಲ್ಲಿ ಆಗ್ಸ್‌ಬರ್ಗ್ ಪಟ್ಟಣದಲ್ಲಿ ಯಶಸ್ವಿಯಾಗಿ ನಡೆಸಿ ತೋರಿಸಿದ ಈ ಯಂತ್ರದಲ್ಲಿ ಪೆಟ್ರೋಲ್ ಎಂಜಿನ್ನಿನಂತೆ ಕಿಡಿ ಹೊತ್ತಿಸುವ ಪ್ಲಗ್ಗು ಇಲ್ಲ. ಗಾಳಿಯನ್ನು ಅತ್ಯಂತ ಬಿಗಿಯಾಗಿ ಒತ್ತಿದಾಗ ಅದು ತಾನಾಗಿಯೇ ಕಾಯುತ್ತದೆ. ಹಾಗೆ ಕಾದ ಗಾಳಿಯೊಳಗೆ ಡೀಸೆಲ್ಲನ್ನು ಸೂಕ್ಷ್ಮವಾದ ತುಂತುರಾಗಿ ಚಿಮ್ಮಿಸಿದರೆ ಅದು ಹೊತ್ತಿಕೊಳ್ಳುತ್ತದೆ. ಆದುದರಿಂದ ಈ ಎಂಜಿನ್ನಿನ ಪ್ರಾಣವು ಎರಡು ಸ್ಥಳಗಳಲ್ಲಿದೆ. ಗಾಳಿಯನ್ನು ಒತ್ತಿ ಹಿಡಿಯುವ ಪಿಸ್ಟನ್, ರಿಂಗು, ವಾಲ್ವುಗಳ ಬಿಗಿ ಒಂದು. ತುಂತುರನ್ನು ಚಿಮ್ಮಿಸುವ ಪಂಪು ಮತ್ತು ಇಂಜೆಕ್ಟರುಗಳ ಶುದ್ಧಿ ಇನ್ನೊಂದು. ಮೊದಲನೆಯದನ್ನು ಕೆಡಿಸುವುದು ಧೂಳು, ಹಳಸಿದ ಎಣ್ಣೆ ಮತ್ತು ಅತಿಯಾದ ಕಾವು. ಎರಡನೆಯದನ್ನು ಕೆಡಿಸುವುದು ನೀರು ಮತ್ತು ಕಲಬೆರಕೆಯ ಇಂಧನ. ಹಳೆಯ ಗಾಡಿಯ ಪರೀಕ್ಷೆಯೆಲ್ಲವೂ ಈ ಶತ್ರುಗಳು ಒಳಹೊಕ್ಕಿರುವ ಗುರುತನ್ನು ಹುಡುಕುವುದೇ ಆಗಿದೆ.

ಗಾಡಿಯು ಹಿಂದೆ ಮಾಡಿದ ಕಸುಬು

ಗಾಡಿಯ ವಯಸ್ಸಿಗಿಂತಲೂ ಅದು ಮಾಡಿದ ಕೆಲಸವು ಮುಖ್ಯವಾದುದು. ಮರಳು, ಜಲ್ಲಿಗಳನ್ನು ಹೊತ್ತ ಗಾಡಿಯಲ್ಲಿ ಹಿಂದಿನ ಸ್ಪ್ರಿಂಗು, ಅಚ್ಚು ಮತ್ತು ಛಾಸಿಗಳು ಜಖಂಗೊಂಡಿರುವ ಸಂಭವ ಹೆಚ್ಚು. ಕರಾವಳಿಯಲ್ಲಿ ಮೀನು ಸಾಗಿಸಿದ ಗಾಡಿಗೆ ಉಪ್ಪುನೀರಿನ ತುಕ್ಕು ಅಡಿಯಿಂದ ಹತ್ತಿರುತ್ತದೆ. ಬೆಂಗಳೂರಿನ ಬೀದಿಗಳಲ್ಲಿ ಮನೆಮನೆಗೆ ಸಾಮಾನು ಹಂಚಿದ ಗಾಡಿಯು ನೋಟಕ್ಕೆ ಅಂದವಾಗಿದ್ದರೂ, ಹೆಜ್ಜೆಹೆಜ್ಜೆಗೂ ನಿಂತು ಹೊರಟು ಕ್ಲಚ್ಚನ್ನು ಸವೆಸಿಕೊಂಡಿರುತ್ತದೆ. ಹಾಲಿನ ಮಾರ್ಗದಲ್ಲಿ ದಿನವೂ ಓಡಿದ ಗಾಡಿಯು ಬಹಳ ದೂರ ಓಡಿದ್ದರೂ ಕ್ರಮವಾದ ಆರೈಕೆಯನ್ನು ಪಡೆದಿದ್ದರೆ ಇವೆಲ್ಲಕ್ಕಿಂತ ಮೇಲು. ದೂರವನ್ನು ತೋರಿಸುವ ಮೀಟರಿನ ಅಂಕಿಯೊಂದನ್ನೇ ನಂಬತಕ್ಕದ್ದಲ್ಲ. ಅದನ್ನು ಹಿಂದಕ್ಕೆ ತಿರುಗಿಸುವ ಕೈಚಳಕವು ಪೇಟೆಯಲ್ಲಿ ಉಂಟು. ಸವೆದ ಪೆಡಲಿನ ರಬ್ಬರು, ನುಣುಪಾದ ಸ್ಟೀರಿಂಗು, ಕುಸಿದ ಚಾಲಕನ ಆಸನ ಇವು 40,000 ಕಿಲೋಮೀಟರು ಓಡಿದೆಯೆನ್ನುವ ಮೀಟರಿಗೆ ವಿರುದ್ಧವಾಗಿ ಸಾಕ್ಷಿ ನುಡಿದರೆ, ಸಾಕ್ಷಿಯನ್ನೇ ನಂಬಬೇಕು. ಸರ್ವೀಸಿನ ಪುಸ್ತಕವೂ ರಸೀತಿಗಳೂ ಇದ್ದರೆ ಪ್ರತಿ ಸಲದ ದಿನಾಂಕವನ್ನೂ ಓಟವನ್ನೂ ಹೋಲಿಸಿ ನೋಡಬೇಕು. ಟೈರಿನ ಪಾರ್ಶ್ವದಲ್ಲಿ ಅಚ್ಚಾಗಿರುವ ನಾಲ್ಕು ಅಂಕಿಗಳು ಅದು ತಯಾರಾದ ವಾರವನ್ನೂ ವರ್ಷವನ್ನೂ ಹೇಳುತ್ತವೆ. 2319 ಎಂದಿದ್ದರೆ 2019ನೆಯ ಇಸವಿಯ 23ನೆಯ ವಾರ ಎಂದು ತಿಳಿಯಬೇಕು.

ಎಂಜಿನ್ನಿನ ಪರೀಕ್ಷೆ

ಪರೀಕ್ಷೆಯನ್ನು ಬೆಳಗಿನ ಹೊತ್ತು, ಎಂಜಿನ್ನು ತಣ್ಣಗಿರುವಾಗ ಮಾಡತಕ್ಕದ್ದು. ಕೊಳ್ಳುವವರು ಬರುವ ಮುಂಚೆಯೇ ಮಾರುವವನು ಗಾಡಿಯನ್ನು ಸ್ಟಾರ್ಟು ಮಾಡಿ ಕಾಯಿಸಿಟ್ಟಿದ್ದರೆ ಸಂಶಯಕ್ಕೆ ಆಸ್ಪದವುಂಟು. ಬಾನೆಟ್ಟಿನ ಮೇಲೆ ಕೈಯಿಟ್ಟರೆ ಇದು ತಿಳಿಯುತ್ತದೆ. ನಂಬಿಕೆಯುಳ್ಳ ಮೆಕ್ಯಾನಿಕ್ಕನೊಬ್ಬನನ್ನು, ಮಾರುವವನ ಕಡೆಯವನಲ್ಲದವನನ್ನು, ಕೂಲಿ ಕೊಟ್ಟು ಜೊತೆಗೆ ಕರೆದೊಯ್ಯಬೇಕು. ಆ ಕೂಲಿಯು ದಂಡವಲ್ಲ.

ಮೊದಲು ಎಣ್ಣೆಯ ಮಟ್ಟವನ್ನು ನೋಡುವ ಕಡ್ಡಿಯನ್ನು ಹೊರತೆಗೆಯಬೇಕು. ಡೀಸೆಲ್ ಎಂಜಿನ್ನಿನ ಎಣ್ಣೆಯು ಕಪ್ಪಾಗಿರುವುದು ದೋಷವಲ್ಲ. ಆದರೆ ಅದು ಹಾಲು ಬೆರೆತ ಕಾಫಿಯ ಬಣ್ಣಕ್ಕೆ ತಿರುಗಿದ್ದರೆ ನೀರು ಸೇರಿದೆಯೆಂದು ಅರ್ಥ. ಮಟ್ಟವು ಮೇಲೇರಿ ಡೀಸೆಲ್ಲಿನ ವಾಸನೆ ಬಂದರೆ ಇಂಧನವು ಎಣ್ಣೆಗೆ ಸೋರುತ್ತಿದೆಯೆಂದು ಅರ್ಥ. ಎರಡೂ ಕೆಟ್ಟ ಲಕ್ಷಣಗಳೇ. ರೇಡಿಯೇಟರಿನ ಮುಚ್ಚಳವನ್ನು ತಣ್ಣಗಿರುವಾಗ ಮಾತ್ರ ತೆರೆಯಬೇಕು. ಕಾದಾಗ ತೆರೆದರೆ ಕುದಿನೀರು ಮುಖಕ್ಕೆ ಚಿಮ್ಮುತ್ತದೆ. ಒಳಗೆ ಕೂಲೆಂಟಿನ ಬದಲು ಕೆಂಪು ತುಕ್ಕಿನ ನೀರು ಇದ್ದರೆ ಒಡೆಯನು ಅಸಡ್ಡೆಯವನೆಂದೂ, ಮೇಲೆ ಎಣ್ಣೆಯ ಪೊರೆ ತೇಲುತ್ತಿದ್ದರೆ ಹೆಡ್ ಗ್ಯಾಸ್ಕೆಟ್ ಮುಂತಾದುವು ಕೆಟ್ಟಿರಬಹುದೆಂದೂ ತಿಳಿಯಬೇಕು.

ಬಳಿಕ ಕೀಲಿಯನ್ನು ಅರ್ಧ ತಿರುಗಿಸಿ ಮುಂದಿನ ಫಲಕದ ಎಚ್ಚರಿಕೆಯ ದೀಪಗಳನ್ನು ನೋಡಬೇಕು. ಅವು ಹೊತ್ತಿಕೊಂಡು, ಎಂಜಿನ್ನು ಓಡಿದ ಮೇಲೆ ಆರಬೇಕು. ಹೊತ್ತದೆಯೇ ಇರುವ ದೀಪವು ಆರದಿರುವ ದೀಪದಷ್ಟೇ ಸಂಶಯಾಸ್ಪದ. ದೋಷವನ್ನು ಮರೆಮಾಡಲು ಅದನ್ನು ಕಿತ್ತಿರಬಹುದು. ಎಂಜಿನ್ನು ಹೆಚ್ಚು ಹೊತ್ತು ತಿರುಗಿಸದೆ ಹೊರಡಬೇಕು. ಹೊಗೆಯ ಬಣ್ಣವು ಒಳಗಿನ ಸುದ್ದಿಯನ್ನು ಹೇಳುತ್ತದೆ. ಚಳಿಯ ಬೆಳಗಿನಲ್ಲಿ ಸ್ವಲ್ಪ ಬಿಳಿಯ ಹೊಗೆ ಬಂದು ಕರಗಿದರೆ ಚಿಂತೆಯಿಲ್ಲ; ಕಾದ ಮೇಲೂ ನಿಲ್ಲದಿದ್ದರೆ ನೀರು ಒಳಗೆ ಉರಿಯುತ್ತಿರಬಹುದು ಅಥವಾ ಇಂಜೆಕ್ಟರು ಕೆಟ್ಟಿರಬಹುದು. ನೀಲಿಯ ಹೊಗೆಯು ಎಣ್ಣೆ ಸುಡುತ್ತಿರುವುದರ ಗುರುತು. ರಿಂಗುಗಳೋ ಟರ್ಬೊ ಚಾರ್ಜರೋ ಸವೆದಿರುತ್ತದೆ. ದಟ್ಟವಾದ ಕರಿಹೊಗೆಯು ಗಾಳಿ ಸಾಲದೆ ಇಂಧನ ಹೆಚ್ಚಾದುದರ ಗುರುತು. ಇದು ಕಟ್ಟಿಕೊಂಡ ಏರ್ ಫಿಲ್ಟರಿನಷ್ಟು ಅಗ್ಗದ ದೋಷವೂ ಆಗಬಹುದು, ಪಂಪು ಮತ್ತು ಇಂಜೆಕ್ಟರುಗಳಷ್ಟು ದುಬಾರಿಯ ದೋಷವೂ ಆಗಬಹುದು. ಎಂಜಿನ್ನು ಓಡುತ್ತಿರುವಾಗ ಎಣ್ಣೆ ಹೊಯ್ಯುವ ಮುಚ್ಚಳವನ್ನು ಮೆಲ್ಲನೆ ಸಡಿಲಿಸಿದಾಗ ಒಲೆಯ ಹೊಗೆಯಂತೆ ಭರದಿಂದ ಹೊಗೆಯೆದ್ದರೆ ಪಿಸ್ಟನ್ ರಿಂಗುಗಳ ಬಿಗಿಯು ಹೋಗಿದೆಯೆಂದು ಶಂಕಿಸಬೇಕು. ಎಂಜಿನ್ನನ್ನು ಬಿಚ್ಚಿ ಕೆಲಸ ಮಾಡಿಸುವ ಖರ್ಚು ಸಣ್ಣದಲ್ಲ.

ಓಟದ ಮತ್ತು ಅಡಿಭಾಗದ ಪರೀಕ್ಷೆ

ಖಾಲಿ ಗಾಡಿಯನ್ನು ಸಮತಟ್ಟಾದ ರಸ್ತೆಯಲ್ಲಿ ನಾಲ್ಕು ಮಾರು ಓಡಿಸಿ ತೃಪ್ತಿಪಡತಕ್ಕದ್ದಲ್ಲ. ಅನುಮತಿಯುಳ್ಳ ಹೇರನ್ನು ಹಾಕಿಸಿ, ಏರು ರಸ್ತೆಯಲ್ಲಿ ಅರ್ಧ ಗಂಟೆಯಾದರೂ ಓಡಿಸಬೇಕು. ಏರಿನಲ್ಲಿ ಕಾವಿನ ಮುಳ್ಳು ಮೇಲಕ್ಕೆ ಹೋದರೆ, ಎಂಜಿನ್ನು ಕೂಗಿದರೂ ಗಾಡಿ ಮುಂದೆ ಸಾಗದೆ ಕ್ಲಚ್ಚು ಜಾರಿದರೆ, ಕಾಲು ತೆಗೆದಾಗ ಗೇರು ತಾನಾಗಿ ಕಳಚಿದರೆ, ಹೊರಡುವಾಗ ಅಡಿಯಲ್ಲಿ ಟಕ್ಕೆಂದು ಸದ್ದಾದರೆ, ಹಿಂದಿನ ಅಚ್ಚಿನಿಂದ ಗುಯ್ಯೆಂಬ ಶಬ್ದ ಬಂದರೆ, ಒಂದೊಂದನ್ನೂ ಗುರುತು ಹಾಕಿಕೊಂಡು ಅದರ ದುರಸ್ತಿಯ ವೆಚ್ಚವನ್ನು ಮೆಕ್ಯಾನಿಕ್ಕನಿಂದ ಕೇಳಿ ಬೆಲೆಯಲ್ಲಿ ಇಳಿಸಬೇಕು. ಬ್ರೇಕಿನ ಪೆಡಲನ್ನು ಒತ್ತಿ ಹಿಡಿದಾಗ ಅದು ಮೆಲ್ಲಮೆಲ್ಲನೆ ಕೆಳಗಿಳಿಯಬಾರದು. ಗಾಡಿಯು ಒಂದು ಪಕ್ಕಕ್ಕೆ ಎಳೆಯಬಾರದು.

ಅನಂತರ ಚಾಪೆಯೊಂದನ್ನು ಹಾಸಿ ಗಾಡಿಯ ಅಡಿಗೆ ಮಲಗಿ ನೋಡಬೇಕು. ಬಟ್ಟೆ ಕೊಳೆಯಾಗುವುದೆಂದು ಹಿಂಜರಿದವರು ಆ ಮೇಲೆ ಹಣವನ್ನು ಕಳೆದುಕೊಳ್ಳುತ್ತಾರೆ. ಛಾಸಿಯ ಉದ್ದನೆಯ ಕಂಬಿಗಳು, ಮುಖ್ಯವಾಗಿ ಹಿಂದಿನ ಸ್ಪ್ರಿಂಗು ಕೂಡುವ ಸ್ಥಳಗಳು, ಸೀಳಿವೆಯೋ, ಬೆಸುಗೆಯಾಗಿದೆಯೋ ಎಂದು ದೀಪ ಹಿಡಿದು ನೋಡಬೇಕು. ಅಡಿಯಲ್ಲಿ ಒಂದೇ ಕಡೆ ಹೊಸ ಬಣ್ಣ ಬಳಿದಿದ್ದರೆ ಅಲ್ಲಿ ಮುಚ್ಚಿಡಬೇಕಾದುದು ಏನೋ ಉಂಟು. ಸ್ಪ್ರಿಂಗಿಗೆ ಕಂಪನಿಯು ಕೊಟ್ಟುದಕ್ಕಿಂತ ಹೆಚ್ಚು ಪಟ್ಟಿಗಳನ್ನು ಸೇರಿಸಿದ್ದರೆ ಆ ಗಾಡಿಯು ಮಿತಿಮೀರಿದ ಹೇರನ್ನು ಹೊರುತ್ತಿದ್ದುದಕ್ಕೆ ಬೇರೆ ಸಾಕ್ಷಿ ಬೇಡ. ಛಾಸಿಯ ಮೇಲೆ ಕೊರೆದ ಸಂಖ್ಯೆಯೂ ಎಂಜಿನ್ನಿನ ಸಂಖ್ಯೆಯೂ ನೋಂದಣಿ ಪತ್ರದೊಂದಿಗೆ ಅಕ್ಷರಕ್ಕೆ ಅಕ್ಷರ ಹೊಂದಬೇಕು. ಉಜ್ಜಿ ಮತ್ತೆ ಕೊರೆದಂತೆ ಕಂಡರೆ ಅಲ್ಲಿಂದಲೇ ಹಿಂದಿರುಗಬೇಕು.

ಹೊಗೆಯ ನಿಯಮಗಳೂ ಗಾಡಿಯ ಕಾಲವೂ

ಗಾಡಿಯು ತಯಾರಾದ ವರ್ಷವು ಅದರ ಆರೈಕೆಯ ಬಗೆಯನ್ನು ನಿರ್ಣಯಿಸುತ್ತದೆ. ಭಾರತ್ ಸ್ಟೇಜ್ 4ರ ನಿಯಮವು 2017ರ ಏಪ್ರಿಲ್ 1ರಿಂದಲೂ, ಭಾರತ್ ಸ್ಟೇಜ್ 6ರ ನಿಯಮವು 2020ರ ಏಪ್ರಿಲ್ 1ರಿಂದಲೂ ದೇಶಕ್ಕೆಲ್ಲ ಅನ್ವಯವಾದುವು. ಇವಕ್ಕೆ ಹಿಂದಿನ ಅನೇಕ ಗಾಡಿಗಳ ಪಂಪು ಸರಳವಾದುದು. ನುರಿತ ಮೆಕ್ಯಾನಿಕ್ಕನು ಊರಿನಲ್ಲಿಯೇ ಸರಿಮಾಡಬಲ್ಲನು. ಈಚಿನವುಗಳಲ್ಲಿ ಕಾಮನ್ ರೈಲ್ ಎಂಬ ಪದ್ಧತಿಯಿದ್ದು, ಇಂಧನವು ಅತ್ಯಧಿಕ ಒತ್ತಡದಲ್ಲಿ ವಿದ್ಯುತ್ತಿನ ಅಂಕೆಯಲ್ಲಿ ಚಿಮ್ಮುತ್ತದೆ. ಇವು ಮಿತವ್ಯಯದವೂ ಹೊಗೆ ಕಡಮೆಯವೂ ಆದರೂ ನೀರನ್ನೂ ಕೊಳೆಯನ್ನೂ ಸಹಿಸುವುದಿಲ್ಲ. ಇಂತಹ ಗಾಡಿಯನ್ನು ಕೊಳ್ಳುವ ಮುಂಚೆ ಸ್ಕ್ಯಾನರ್ ಉಪಕರಣವನ್ನು ಜೋಡಿಸಿ ಅದರ ನೆನಪಿನಲ್ಲಿರುವ ದೋಷಗಳನ್ನು ಓದಿಸಬೇಕು.

ಸ್ಟೇಜ್ 6ರ ಡೀಸೆಲ್ ಗಾಡಿಗಳ ಹೊಗೆಕೊಳವೆಯಲ್ಲಿ ಮಸಿಯನ್ನು ಹಿಡಿಯುವ ಫಿಲ್ಟರು ಇರುತ್ತದೆ. ಹಿಡಿದ ಮಸಿಯು ಸುಟ್ಟುಹೋಗಬೇಕಾದರೆ ಗಾಡಿಯು ಆಗಾಗ್ಗೆ ಹೆದ್ದಾರಿಯಲ್ಲಿ ತುಸು ಹೊತ್ತು ಒಂದೇ ವೇಗದಲ್ಲಿ ಓಡಬೇಕು. ತೋಟದಿಂದ ಮನೆಗೂ, ಮನೆಯಿಂದ ಡೈರಿಗೂ ಮಾತ್ರ ಓಡುವ ಗಾಡಿಯಲ್ಲಿ ಇದು ಕಟ್ಟಿಕೊಂಡು ತೊಂದರೆ ಕೊಡುತ್ತದೆ. ಹಿಂದಿನ ಒಡೆಯನು ಈ ಫಿಲ್ಟರನ್ನೇ ಕಿತ್ತುಹಾಕಿದ್ದರೆ ಹೊಗೆಯ ಪರೀಕ್ಷೆಯಲ್ಲಿಯೂ ಅರ್ಹತಾ ಪರೀಕ್ಷೆಯಲ್ಲಿಯೂ ಹೊಸ ಒಡೆಯನು ಉತ್ತರ ಕೊಡಬೇಕಾಗುತ್ತದೆ. ಕೆಲವು ಗಾಡಿಗಳಲ್ಲಿ ಹೊಗೆಯ ಶುದ್ಧಿಗಾಗಿ ನೂರಕ್ಕೆ 32.5 ಭಾಗ ಯೂರಿಯಾ ಇರುವ ಶುದ್ಧ ದ್ರಾವಣವನ್ನು ಬೇರೆ ಟ್ಯಾಂಕಿಗೆ ತುಂಬಬೇಕು. ಹೊಲಕ್ಕೆ ತಂದ ಯೂರಿಯಾವನ್ನು ಬಾವಿಯ ನೀರಿನಲ್ಲಿ ಕರಗಿಸಿ ಇದಕ್ಕೆ ಹೊಯ್ಯುವುದು ಮಹಾ ತಪ್ಪು. 2015ರಿಂದ ಗೊಬ್ಬರದ ಯೂರಿಯಾಕ್ಕೆಲ್ಲ ಬೇವಿನ ಎಣ್ಣೆಯನ್ನು ಲೇಪಿಸಲಾಗುತ್ತಿದೆ. ಆ ಎಣ್ಣೆಯೂ ನೀರಿನ ಲವಣಗಳೂ ಸೇರಿ ದುಬಾರಿಯ ಉಪಕರಣವನ್ನು ಹಾಳುಮಾಡುತ್ತವೆ.

ಕಾಗದಪತ್ರಗಳು

ಎಂಜಿನ್ನು ಚೆನ್ನಾಗಿದ್ದು ಕಾಗದವು ಕೆಟ್ಟಿದ್ದರೆ ಗಾಡಿಯು ಕೊಟ್ಟಿಗೆಯಲ್ಲಿ ನಿಲ್ಲುತ್ತದೆ. ನೋಂದಣಿ ಪತ್ರ, ವಿಮೆ, ಅರ್ಹತಾ ಪತ್ರ ಅಂದರೆ ಎಫ್.ಸಿ., ಹೊಗೆಯ ಪ್ರಮಾಣ ಪತ್ರ, ತೆರಿಗೆಯ ರಸೀತಿ ಇವನ್ನು ಮೂಲದಲ್ಲಿಯೇ ನೋಡಬೇಕು. ಸಾರಿಗೆ ಇಲಾಖೆಯಿಂದ ಬಿ ಎಕ್ಸ್‌ಟ್ರ್ಯಾಕ್ಟನ್ನು ತೆಗೆಸಿದರೆ ಒಡೆತನವೂ ಸಾಲದ ಹಕ್ಕೂ ತಿಳಿಯುತ್ತದೆ. ಕೆ.ಎ. 54 ಎಂಬ ಸಂಖ್ಯೆಯ ಗಾಡಿಗಳು ನಾಗಮಂಗಲದ ಕಛೇರಿಯಲ್ಲಿ ನೋಂದಣಿಯಾದುವು, ಕೆ.ಎ. 11 ಮಂಡ್ಯದ್ದು. ಎಂಪರಿವಾಹನ್ ಎಂಬ ಸರ್ಕಾರದ ಮೊಬೈಲ್ ವ್ಯವಸ್ಥೆಯಲ್ಲಿ ಗಾಡಿಯ ಸಂಖ್ಯೆಯಿಂದ ವಿಮೆ ಮತ್ತು ಎಫ್.ಸಿ.ಗಳ ಅವಧಿಯನ್ನು ಮನೆಯಲ್ಲಿಯೇ ನೋಡಬಹುದು. ಬಾಕಿಯಿರುವ ದಂಡಗಳನ್ನೂ ವಿಚಾರಿಸಿ, ಮಾರುವವನಿಂದಲೇ ಕಟ್ಟಿಸಬೇಕು.

ಸರಕು ಗಾಡಿಯು ಸ್ವಂತ ಬೆಳೆಯನ್ನೇ ಹೊತ್ತರೂ ಕಾನೂನಿನಲ್ಲಿ ಸಾರಿಗೆ ವಾಹನವೇ ಆಗಿರುವುದರಿಂದ ಅದಕ್ಕೆ ಅರ್ಹತಾ ಪತ್ರವು ಕಡ್ಡಾಯ. ಹೊಸ ಗಾಡಿಗೆ ಮೊದಲು 2 ವರ್ಷ, ಬಳಿಕ 8 ವರ್ಷ ತುಂಬುವವರೆಗೆ 2 ವರ್ಷಕ್ಕೊಮ್ಮೆ, ಅನಂತರ ಪ್ರತಿ ವರ್ಷವೂ ಇದನ್ನು ಪಡೆಯಬೇಕು. 8 ವರ್ಷ ದಾಟಿದ ಗಾಡಿಯನ್ನು ಕೊಳ್ಳುವವನು ವರ್ಷಕ್ಕೊಮ್ಮೆ ಈ ಪರೀಕ್ಷೆಗೆ ಗಾಡಿಯನ್ನು ಸಜ್ಜುಗೊಳಿಸುವ ಖರ್ಚನ್ನೂ ಲೆಕ್ಕದಲ್ಲಿ ಹಿಡಿಯಬೇಕು.

ಗಾಡಿಯ ಮೇಲೆ ಸಾಲವಿದ್ದರೆ, ಅದನ್ನು ತೀರಿಸಿ, ಸಾಲ ಕೊಟ್ಟ ಸಂಸ್ಥೆಯಿಂದ ಫಾರಂ 35ನ್ನೂ ಋಣಮುಕ್ತ ಪತ್ರವನ್ನೂ ಪಡೆದ ಹೊರತು ಹಣವನ್ನು ಕೊಡತಕ್ಕದ್ದಲ್ಲ. ಛಾಪಾ ಕಾಗದದ ಮೇಲೆ ಕರಾರು ಬರೆದುಕೊಂಡ ಮಾತ್ರಕ್ಕೆ ಒಡೆತನವು ವರ್ಗವಾಗುವುದಿಲ್ಲ. 1988ರ ಮೋಟಾರು ವಾಹನಗಳ ಕಾಯಿದೆಯ ಪ್ರಕಾರ ಒಂದೇ ರಾಜ್ಯದೊಳಗಿನ ಮಾರಾಟವನ್ನು ಮಾರಿದವನು 14 ದಿನಗಳೊಳಗಾಗಿಯೂ ಕೊಂಡವನು 30 ದಿನಗಳೊಳಗಾಗಿಯೂ ಕಛೇರಿಗೆ ತಿಳಿಸಬೇಕು. ಇದಕ್ಕೆ 29 ಮತ್ತು 30ನೆಯ ಫಾರಂಗಳಿವೆ. ವಿಮೆಯನ್ನು ಹೆಸರಿಗೆ ಮಾಡಿಸಿಕೊಳ್ಳುವುದಕ್ಕೆ 14 ದಿನಗಳೊಳಗೆ ವಿಮಾ ಕಂಪನಿಗೆ ಬರೆಯಬೇಕು. ಇದರಲ್ಲಿ ಮಾರುವವನಿಗೂ ಅಪಾಯವುಂಟು. ಗಾಡಿಯು ಕೈಬದಲಾಯಿಸಿದ್ದರೂ ದಾಖಲೆಯಲ್ಲಿ ಯಾರ ಹೆಸರಿದೆಯೋ ಆತನೇ ಅಪಘಾತದ ಪರಿಹಾರಕ್ಕೆ ಹೊಣೆಗಾರನೆಂದು ಸರ್ವೋಚ್ಚ ನ್ಯಾಯಾಲಯವು 2018ರಲ್ಲಿ ನವೀನ್ ಕುಮಾರ್ ಮತ್ತು ವಿಜಯ್ ಕುಮಾರ್ ಎಂಬವರ ಮೊಕದ್ದಮೆಯಲ್ಲಿ ತೀರ್ಮಾನಿಸಿದೆ. ಹಳೆಯ ಗಾಡಿಯನ್ನು ಮಾರಿ ಮರೆತುಬಿಟ್ಟವನ ಮನೆಗೆ ವರ್ಷಗಳ ಮೇಲೆ ನ್ಯಾಯಾಲಯದ ಸಮನ್ಸು ಬರಬಹುದು.

ಹೇರಿನ ಮಿತಿ

ನೋಂದಣಿ ಪತ್ರದಲ್ಲಿ ಒಟ್ಟು ತೂಕವೂ ಖಾಲಿ ಗಾಡಿಯ ತೂಕವೂ ನಮೂದಾಗಿರುತ್ತವೆ. ಒಟ್ಟು ತೂಕ 2,900 ಕಿಲೋ, ಖಾಲಿ ತೂಕ 1,600 ಕಿಲೋ ಎಂದಿದ್ದರೆ 1,300 ಕಿಲೋ ಉಳಿಯಿತು. ಚಾಲಕನೂ ಜೊತೆಯವನೂ ಸೇರಿ 150 ಕಿಲೋ ತೂಗಿದರೆ 1,150 ಕಿಲೋ; ಅಂದರೆ 50 ಕಿಲೋ ತೂಕದ 23 ಮೂಟೆ ರಾಗಿ. 24ನೆಯ ಮೂಟೆಯು ಸ್ಪ್ರಿಂಗಿಗೂ ಬ್ರೇಕಿಗೂ ಭಾರ. 2019ರ ತಿದ್ದುಪಡಿಯಂತೆ ಮಿತಿಮೀರಿದ ಹೇರಿಗೆ 20,000 ರೂಪಾಯಿ ದಂಡವೂ, ಹೆಚ್ಚಾದ ಪ್ರತಿ ಟನ್ನಿಗೆ 2,000 ರೂಪಾಯಿಯೂ ಉಂಟು. ಒಂದು ಬಾರಿಯ ಬಾಡಿಗೆಯನ್ನು ಉಳಿಸಲು ಹೋಗಿ ಒಂದು ವರ್ಷದ ಲಾಭವನ್ನು ಕಳೆಯುವುದು ಜಾಣತನವಲ್ಲ.

ಕೊಂಡ ಮೇಲಿನ ಆರೈಕೆ

ಹಿಂದಿನವನು ಮೊನ್ನೆ ತಾನೆ ಎಣ್ಣೆ ಬದಲಾಯಿಸಿದ್ದೇನೆಂದು ಹೇಳಿದರೂ, ಗಾಡಿಯು ಮನೆಗೆ ಬಂದ ವಾರದಲ್ಲಿಯೇ ಎಂಜಿನ್ನು, ಗೇರು ಮತ್ತು ಹಿಂದಿನ ಅಚ್ಚಿನ ಎಣ್ಣೆ, ಎಲ್ಲಾ ಫಿಲ್ಟರುಗಳು, ಕೂಲೆಂಟು, ಬ್ರೇಕಿನ ದ್ರವ, ಬೆಲ್ಟುಗಳು ಇವನ್ನು ಬದಲಾಯಿಸಿ ದಿನಾಂಕವನ್ನೂ ಮೀಟರಿನ ಅಂಕಿಯನ್ನೂ ಒಂದು ಪುಸ್ತಕದಲ್ಲಿ ಬರೆದಿಡಬೇಕು. ಅಲ್ಲಿಂದ ಮುಂದೆ ಲೆಕ್ಕವು ಸ್ಪಷ್ಟವಾಗಿರುತ್ತದೆ. ದಿನವೂ ಬೆಳಿಗ್ಗೆ ಎಣ್ಣೆ, ನೀರು, ಟೈರಿನ ಗಾಳಿ ಇವನ್ನು ನೋಡುವುದಕ್ಕೆ ಹಸುವಿಗೆ ಹುಲ್ಲು ಹಾಕುವಷ್ಟು ಹೊತ್ತು ಸಾಕು. ಇಂಧನದ ಫಿಲ್ಟರಿನ ಅಡಿಯಲ್ಲಿ ನಿಲ್ಲುವ ನೀರನ್ನು ವಾರಕ್ಕೊಮ್ಮೆ, ಮಳೆಗಾಲದಲ್ಲಿ ಇನ್ನೂ ಬೇಗ, ಬಸಿಯಬೇಕು. ಕಣದ ಕೆಲಸದ ದಿನಗಳಲ್ಲಿ ರಾಗಿಯ ಹೊಟ್ಟೂ ರಸ್ತೆಯ ಧೂಳೂ ಏರ್ ಫಿಲ್ಟರನ್ನು ಬೇಗ ಕಟ್ಟುವುದರಿಂದ ಕಂಪನಿಯ ಕೈಪಿಡಿಯು ಹೇಳಿದ ಅವಧಿಗಿಂತ ಮುಂಚೆಯೇ ಅದನ್ನು ನೋಡಬೇಕು. ಡೀಸೆಲ್ಲು ಪೂರ್ತಿ ತೀರುವವರೆಗೆ ಓಡಿಸಿದರೆ ಕೊಳವೆಯೊಳಗೆ ಗಾಳಿ ಸೇರಿ ಎಂಜಿನ್ನು ಹೊರಡುವುದಿಲ್ಲ. ಟರ್ಬೊ ಇರುವ ಎಂಜಿನ್ನನ್ನು ಏರು ಹತ್ತಿಸಿದ ಕೂಡಲೆ ಆರಿಸದೆ ಒಂದೆರಡು ನಿಮಿಷ ಸುಮ್ಮನೆ ಓಡಲು ಬಿಡಬೇಕು.

ವ್ಯವಸಾಯಗಾರರು ವಿಶೇಷವಾಗಿ ಗಮನಿಸಬೇಕಾದುದು ಇನ್ನೊಂದುಂಟು. ರಾಸಾಯನಿಕ ಗೊಬ್ಬರವೂ ಕೊಟ್ಟಿಗೆಯ ಗೊಬ್ಬರವೂ ಕಬ್ಬಿಣವನ್ನು ತಿನ್ನುತ್ತವೆ. ಇವನ್ನು ಇಳಿಸಿದ ದಿನವೇ ತೊಟ್ಟಿಯನ್ನೂ ಛಾಸಿಯನ್ನೂ ನೀರಿನಿಂದ ತೊಳೆದು ಒಣಗಿಸಿದರೆ ಗಾಡಿಯ ಆಯುಸ್ಸು ಹೆಚ್ಚುತ್ತದೆ.

ಗ್ರಾಮ ಮುಖಂಡರ ಕರ್ತವ್ಯ

ಈ ವಿಷಯದಲ್ಲಿ ಊರಿನ ಯಜಮಾನರ ಪಾತ್ರವು ಸಣ್ಣದಲ್ಲ. ಊರಿನೊಳಗೆ ಗಾಡಿಯ ವ್ಯಾಪಾರವಾದಾಗ ಸಾಕ್ಷಿ ಹಾಕುವ ಮುಂಚೆ ಕಾಗದಗಳು ವರ್ಗವಾಗುವ ಏರ್ಪಾಡು ಆಗಿದೆಯೇ ಎಂದು ಅವರು ಕೇಳಬೇಕು. ನಾಲ್ಕು ಹಿಡುವಳಿದಾರರು ನಾಲ್ಕು ಹಳೆಯ ಗಾಡಿಗಳನ್ನು ತಂದು ಸಾಲಕ್ಕೆ ಸಿಕ್ಕುವುದರ ಬದಲು, ಒಬ್ಬನ ಒಳ್ಳೆಯ ಗಾಡಿಗೆ ಉಳಿದ ಮೂವರೂ ಕ್ರಮವಾಗಿ ಬಾಡಿಗೆ ಕೊಡುವ ಒಪ್ಪಂದವನ್ನು ಮಾಡಿಸಬಹುದು. ಆಗ ಗಾಡಿಗೆ ವರ್ಷವಿಡೀ ಕೆಲಸವಾಗುತ್ತದೆ. ಮೇಲಿನ ಲೆಕ್ಕದ 47 ರೂಪಾಯಿಯು 24ರ ಕಡೆಗೆ ಇಳಿಯುತ್ತದೆ.

ಇದೆಲ್ಲಕ್ಕಿಂತ ಮಿಗಿಲಾದುದು ಜನರ ಪ್ರಾಣದ ವಿಷಯ. ಬೀಗರ ಊಟಕ್ಕೂ ಜಾತ್ರೆಗೂ ಕೂಲಿಗೂ ಹೆಂಗಸರು ಮಕ್ಕಳನ್ನು ಪಿಕಪ್ಪಿನ ತೊಟ್ಟಿಯಲ್ಲಿ ನಿಲ್ಲಿಸಿಕೊಂಡು ಹೋಗುವ ರೂಢಿಯು ಇನ್ನೂ ನಿಂತಿಲ್ಲ. ಸರಕಿನ ಒಡೆಯನೋ ಅವನ ಪ್ರತಿನಿಧಿಯೋ ಹೊರತು, ಸರಕು ಗಾಡಿಯಲ್ಲಿ ಸುಮ್ಮನೆ ಕುಳಿತು ಬರುವ ಪ್ರಯಾಣಿಕರ ಹೊಣೆಯನ್ನು ಕಡ್ಡಾಯ ವಿಮೆಯು ಹೊರುವುದಿಲ್ಲ. ಹಳೆಯ ಬ್ರೇಕಿನ, ಸವೆದ ಟೈರಿನ ಗಾಡಿಯು ಜನರನ್ನು ತುಂಬಿಕೊಂಡು ಉರುಳಿದರೆ ಹೋದ ಜೀವಗಳು ಬರುವುದಿಲ್ಲ; ಪರಿಹಾರದ ಭಾರವು ಒಡೆಯನ ಹೊಲ ಮನೆಗಳ ಮೇಲೆ ಬೀಳುತ್ತದೆ. ಊರಿನ ಹಿರಿಯರು ಒಂದು ಮಾತು ಹೇಳಿ ಇದನ್ನು ತಡೆದರೆ ಅದಕ್ಕಿಂತ ದೊಡ್ಡ ಉಪಕಾರವಿಲ್ಲ.

ಆತುರಗಾರನಿಗೆ ಬುದ್ಧಿ ಮಟ್ಟ ಎಂಬುದು ಹಿರಿಯರ ಗಾದೆ. ಇಂದೇ ಮುಂಗಡ ಕೊಡದಿದ್ದರೆ ನಾಳೆ ಗಾಡಿ ಸಿಕ್ಕದೆಂದು ದಲ್ಲಾಳಿಯು ಅವಸರಪಡಿಸಿದರೆ, ಆ ಗಾಡಿಯನ್ನು ಬಿಟ್ಟು ಬರುವುದೇ ಲೇಸು; ಪೇಟೆಯಲ್ಲಿ ಗಾಡಿಗಳಿಗೆ ಬರವಿಲ್ಲ. ಹೇಮಗಿರಿಯ ಜಾತ್ರೆಯಲ್ಲಿ ಎತ್ತಿನ ಬಾಯಿ ಬಿಡಿಸಿ ನೋಡುವ ಕೈಯೇ ಬಾನೆಟ್ಟನ್ನೂ ಎತ್ತಿ ನೋಡಲಿ. ಗೊರಸನ್ನು ಪರೀಕ್ಷಿಸುವ ಕಣ್ಣೇ ಛಾಸಿಯನ್ನೂ ಪರೀಕ್ಷಿಸಲಿ. ಹಾಗೆ ನೋಡಿ ಕೊಂಡು, ಕೊಂಡ ಮೇಲೆ ಮನೆಯ ರಾಸಿನಂತೆ ಆರೈಕೆ ಮಾಡಿದ ಗಾಡಿಯು ಹಳೆಯದಾದರೂ ಒಡೆಯನ ಋಣವನ್ನು ತೀರಿಸುತ್ತದೆ.